ಬ್ಯಾಟರಿಗೆ ಶೆಲ್ಲು ಹಾಕೋಣ

ರಾತ್ರಿ ಹನ್ನೊಂದು ಗಂಟೆ. ತ್ರೀ ಫೇಸ್ ಕರೆಂಟು ಬಂತು. ಆ ವಾರ ಆ ಊರಿಗೆ ರಾತ್ರಿ ಪಾಳಿ. ಈಗಲೇ ಮೋಟಾರು ಹಾಕಬೇಕು. ನೀರು ಕಟ್ಟದಿದ್ದರೆ ಬಾಳೆ ಒಣಗುತ್ತದೆ.

ಹುಡುಗ ಎದ್ದ. ಗೂಡಿನಲ್ಲಿದ್ದ ಬ್ಯಾಟರಿ ತೆಗೆದುಕೊಂಡ. ಗುಂಡಿ ಒತ್ತಿದ. ಬೆಳಕು ಬಂತು. ಸರಿ ಎಂದು ಹೊರಟ.

ಅರ್ಧ ದಾರಿಗೆ ಬೆಳಕು ಹಳದಿ ಆಯಿತು. ಆಮೇಲೆ ಕೆಂಪಾಯಿತು. ಬದುವಿನ ಹತ್ತಿರ ಬಂದಾಗ ಆರೇ ಹೋಯಿತು. ಬ್ಯಾಟರಿಯನ್ನು ಅಂಗೈಗೆ ಬಡಿದ. ಒಮ್ಮೆ ಮಿಣುಕ್ ಎಂದಿತು. ಮತ್ತೆ ಕತ್ತಲೆ. ‘ಇನ್ನೇನು, ಹತ್ತು ಹೆಜ್ಜೆ ತಾನೆ’ ಎಂದುಕೊಂಡು ಹಾಗೇ ನಡೆದ.

ಬದುವಿನ ಮೇಲೆ ಕೊಳಕುಮಂಡಲ ಮಲಗಿತ್ತು.

ಹುಡುಗ ಬದುಕಿದ. ಅದನ್ನು ಮೊದಲೇ ಹೇಳಿಬಿಡುತ್ತೇವೆ. ಬೇಗ ಆಸ್ಪತ್ರೆಗೆ ಕರೆದುಕೊಂಡು ಹೋದರು. ವಿಷ ಇಳಿಸುವ ಮದ್ದು ಕೊಟ್ಟರು. ಆದರೂ ಕಾಲಿನ ಬಾವು ಇಳಿಯಲು ಬಹಳ ದಿನ ಹಿಡಿಯಿತು. ಬಾಳೆಗೊನೆ ಕಡಿಯುವ ಹೊತ್ತಿಗೂ ಅವನು ಕುಂಟುತ್ತಲೇ ಇದ್ದ.

ಅವನ ಅತ್ತಿಗೆ ನಮ್ಮ ಕಲಿಕಾ ಕೇಂದ್ರಕ್ಕೆ ಬರುತ್ತಾರೆ. ಒಂದು ಸಂಜೆ ಅವರು ಆ ಬ್ಯಾಟರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದರು. ನಮ್ಮ ಮುಂದೆ ಇಟ್ಟರು.

“ಹೋದ ವಾರ ತಾನೆ ಹೊಸ ಶೆಲ್ ಹಾಕಿದ್ರು. ಅದ್ಯಾಕೆ ಆರಿಹೋಯ್ತು? ಇವತ್ತು ಪುಸ್ತಕ ಬ್ಯಾಡ. ಇದನ್ನ ಹೇಳಿಕೊಡಿ” ಎಂದರು.

ಅವತ್ತು ಪುಸ್ತಕ ಮುಚ್ಚಿದೆವು. ಬ್ಯಾಟರಿ ಬಿಚ್ಚಿದೆವು. ಅವತ್ತು ನಾವು ಕಲಿತದ್ದನ್ನೇ ಇಲ್ಲಿ ಬರೆದಿದ್ದೇವೆ.

ಬ್ಯಾಟರಿ ಯಾವುದು? ಶೆಲ್ಲು ಯಾವುದು?

ನಮ್ಮ ಹಳ್ಳಿಗಳಲ್ಲಿ ಕೈಯಲ್ಲಿ ಹಿಡಿಯುವ ದೀಪಕ್ಕೆ ಬ್ಯಾಟರಿ ಎನ್ನುತ್ತೇವೆ. ಪಟ್ಟಣದವರು ಟಾರ್ಚು ಎನ್ನುತ್ತಾರೆ. ಅದರ ಹೊಟ್ಟೆಗೆ ಹಾಕುವುದಕ್ಕೆ ನಾವು ಶೆಲ್ಲು ಎನ್ನುತ್ತೇವೆ. ಪಟ್ಟಣದ ಅಂಗಡಿಯವರು ಅದನ್ನೇ ಬ್ಯಾಟರಿ ಎನ್ನುತ್ತಾರೆ! ಪಟ್ಟಣದಲ್ಲಿ ‘ಬ್ಯಾಟರಿ ಕೊಡಿ’ ಎಂದು ಕೇಳಿದರೆ ಶೆಲ್ಲು ಕೊಟ್ಟು ಕಳಿಸಿಯಾರು. ಈ ಪಾಠದಲ್ಲಿ ನಾವು ನಮ್ಮ ಊರಿನ ಮಾತನ್ನೇ ಬಳಸುತ್ತೇವೆ. ದೀಪ ಅಂದರೆ ಬ್ಯಾಟರಿ. ಒಳಗಿನದು ಶೆಲ್ಲು.

ಅಕ್ಕ ತಂದ ಬ್ಯಾಟರಿ ತಗಡಿನದು. ಉದ್ದನೆಯದು. ಮೂರು ಶೆಲ್ಲು ಹಿಡಿಸುವಂಥದು. ಹಿಂದಿನ ಮುಚ್ಚಳ ತಿರುಗಿಸಿದೆವು. ಸುಲಭಕ್ಕೆ ಬರಲಿಲ್ಲ. ಒಳಗೆ ತುಕ್ಕು ಹಿಡಿದಿತ್ತು. ಬಟ್ಟೆ ಹಿಡಿದು ಬಲವಾಗಿ ತಿರುಗಿಸಿದ ಮೇಲೆ ಬಂತು. ಮೂರು ಶೆಲ್ಲು ಹೊರಗೆ ಬಿದ್ದವು.

ಒಂದು ಮಾತ್ರ ಹೊಸದು. ಎರಡು ಹಳೆಯವು. ಹಳೆಯದೊಂದರ ತಳದಿಂದ ಅಂಟು ಅಂಟಾದ ನೀರು ಸೋರಿತ್ತು. ಸುತ್ತ ಬಿಳಿ ಉಪ್ಪಿನಂತೆ ಕಟ್ಟಿಕೊಂಡಿತ್ತು.

“ಅಯ್ಯೋ, ಇವರು ಒಂದೇ ತಂದವ್ರೆ! ಮೂರೂ ಹಾಕಿದೀನಿ ಅಂದಿದ್ರು” ಎಂದರು ಅಕ್ಕ.

ಯಜಮಾನರನ್ನು ಬೈದು ಏನು ಮಾಡುವುದು? ನಾವೂ ಎಷ್ಟೋ ಸಲ ಹಾಗೆಯೇ ಮಾಡಿದ್ದೇವೆ. ಒಂದು ಶೆಲ್ಲಿನ ದುಡ್ಡು ಕೈಯಲ್ಲಿದ್ದರೆ ಒಂದೇ ತರುತ್ತೇವೆ. ಬೆಳಕು ಬಂದರೆ ಸಾಕು ಎನ್ನುತ್ತೇವೆ.

ಶೆಲ್ಲಿನ ಒಳಗೆ ಏನಿದೆ?

ಹುಡುಗರು ಹಳೇ ಶೆಲ್ಲು ಒಡೆಯುವುದನ್ನು ನೀವು ನೋಡಿರಬಹುದು. ಒಳಗಿನ ಕರಿಪುಡಿ ಕೈಗೆಲ್ಲ ಮೆತ್ತಿಕೊಳ್ಳುತ್ತದೆ. ನಡುವಿನ ಕಡ್ಡಿಯಿಂದ ಗೋಡೆಯ ಮೇಲೆ ಗೀಚುತ್ತಾರೆ. ಒಡೆಯುವುದು ಬೇಡ. ಒಳಗೆ ಏನಿದೆ ಎಂದು ನಾವೇ ಹೇಳುತ್ತೇವೆ.

ಶೆಲ್ಲಿನ ಹೊರಗೆ ಕಾಗದ ಅಥವಾ ತಗಡಿನ ಹೊದಿಕೆ ಇದೆ. ಅದರ ಒಳಗೆ ಒಂದು ಲೋಟದಂಥ ಡಬ್ಬಿ. ಅದು ಸತುವಿನದು. ನಡುವೆ ಇದ್ದಿಲಿನ ಜಾತಿಯ ಒಂದು ಕಪ್ಪು ಕಡ್ಡಿ. ಕಡ್ಡಿಯ ತಲೆಗೆ ಲೋಹದ ಟೋಪಿ. ಕಡ್ಡಿಯ ಸುತ್ತ ಕರಿಪುಡಿ ತುಂಬಿರುತ್ತಾರೆ. ಅದರಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್ ಎಂಬ ಪುಡಿ, ಇದ್ದಿಲ ಪುಡಿ ಸೇರಿರುತ್ತವೆ. ಇವುಗಳ ನಡುವೆ ಒದ್ದೆಯಾದ ಒಂದು ಉಪ್ಪು. ಕೆಲವು ಶೆಲ್ಲುಗಳಲ್ಲಿ ಆ ಉಪ್ಪು ನವಸಾಗರ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು ಪುಡಿ ಉದುರಿಸಿ ಬುಸ್ಸೆಂದು ಹೊಗೆ ಎಬ್ಬಿಸುತ್ತಾನಲ್ಲ, ಅದೇ ನವಸಾಗರ.

ಫ್ರಾನ್ಸ್ ದೇಶದ ಜಾರ್ಜ್ ಲೆಕ್ಲಾಂಶೆ ಎಂಬವರು 1866ರಲ್ಲಿ ಇಂಥ ಶೆಲ್ಲು ಮಾಡಿದರು. ಆಗ ಅದು ನೀರು ತುಂಬಿದ ಗಾಜಿನ ಜಾಡಿ. ಹೊತ್ತುಕೊಂಡು ಹೊಲಕ್ಕೆ ಹೋಗುವ ಹಾಗಿರಲಿಲ್ಲ. ಜರ್ಮನಿಯ ಕಾರ್ಲ್ ಗಾಸ್ನರ್ 1886ರ ಸುಮಾರಿಗೆ ಆ ನೀರನ್ನು ಗಟ್ಟಿ ಸರಿಯ ಹಾಗೆ ಮಾಡಿ, ಸತುವಿನ ಡಬ್ಬಿಯಲ್ಲಿ ಮುಚ್ಚಿದರು. ನಮ್ಮ ಕೈಯಲ್ಲಿರುವುದು ಅದರ ಮೊಮ್ಮಗ.

ಗುಂಡಿ ಒತ್ತಿದಾಗ ಸತು ಮತ್ತು ಉಪ್ಪು ಸೇರಿ ಕೆಲಸ ಮಾಡುತ್ತವೆ. ಕರೆಂಟು ಹುಟ್ಟುತ್ತದೆ. ಸತು ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ಸೋಪು ಸವೆದ ಹಾಗೆ. ಸವೆದು ಸವೆದು ಡಬ್ಬಿ ತೆಳ್ಳಗಾಗುತ್ತದೆ. ಕೊನೆಗೆ ತೂತು ಬೀಳುತ್ತದೆ. ಒಳಗಿನ ನೀರು ಹೊರಗೆ ಸೋರುತ್ತದೆ. ಅಕ್ಕನ ಬ್ಯಾಟರಿಯಲ್ಲಿ ಆದದ್ದು ಇದೇ. ಆ ನೀರು ಕಬ್ಬಿಣವನ್ನು ತಿನ್ನುತ್ತದೆ. ಮುಚ್ಚಳದ ಸ್ಪ್ರಿಂಗನ್ನೂ ತಿನ್ನುತ್ತದೆ.

ಕೂಡುವ ಗುರುತು, ಕಳೆಯುವ ಗುರುತು

ಶೆಲ್ಲನ್ನು ಕೈಯಲ್ಲಿ ಹಿಡಿಯಿರಿ. ಮೈಮೇಲೆ ನೋಡಿ. ಟೋಪಿ ಇರುವ ತುದಿಯಲ್ಲಿ + ಗುರುತು ಇದೆ. ಇದು ನಿಮಗೆ ಗೊತ್ತು. ಕೂಡುವ ಲೆಕ್ಕದ ಗುರುತು. ಚಪ್ಪಟೆ ತುದಿಯಲ್ಲಿ – ಗುರುತು ಇದೆ. ಇದು ಕಳೆಯುವ ಲೆಕ್ಕದ ಗುರುತು. ಪ್ಲಸ್, ಮೈನಸ್ ಎಂದೂ ಕರೆಯುತ್ತಾರೆ.

ಇನ್ನೊಂದು ಅಂಕಿ ಇದೆ. 1.5 ಎಂದು. ಒಂದು ಚುಕ್ಕಿ ಐದು. ಅಂದರೆ ಒಂದೂವರೆ. ಒಂದೂವರೆ ವೋಲ್ಟು. ದೊಡ್ಡ ಶೆಲ್ಲಿಗೂ ಒಂದೂವರೆ. ಗಡಿಯಾರಕ್ಕೆ ಹಾಕುವ ಸಣ್ಣ ಶೆಲ್ಲಿಗೂ ಒಂದೂವರೆ. “ಹಂಗಾದ್ರೆ ದೊಡ್ಡದು ಯಾಕೆ?” ಎಂದು ಅಕ್ಕ ಕೇಳಿದರು. ಒಳ್ಳೆ ಪ್ರಶ್ನೆ. ಬಿಂದಿಗೆಯ ನೀರೂ ನೀರೇ, ಚೊಂಬಿನ ನೀರೂ ನೀರೇ. ಬಿಂದಿಗೆಯದು ಹೆಚ್ಚು ಹೊತ್ತು ಬರುತ್ತದೆ.

ಶೆಲ್ಲುಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಇಟ್ಟರೆ ವೋಲ್ಟು ಕೂಡುತ್ತದೆ. ಸ್ಲೇಟಿನ ಮೇಲೆ ಬರೆದು ನೋಡಿದೆವು:

1.5 + 1.5 + 1.5 = 4.5

ಈ ಮೂರರಲ್ಲಿ ಒಂದನ್ನು ತಲೆಕೆಳಗು ಹಾಕಿದರೆ? ಆಗ ಅದು ಕೂಡುವುದಿಲ್ಲ, ಕಳೆಯುತ್ತದೆ.

1.5 + 1.5 – 1.5 = 1.5

ಮೂರು ಶೆಲ್ಲಿನ ದುಡ್ಡು ಕೊಟ್ಟು ಒಂದು ಶೆಲ್ಲಿನ ಬೆಳಕು! ಎರಡು ಶೆಲ್ಲಿನ ಬ್ಯಾಟರಿಯಲ್ಲಿ ಒಂದು ತಿರುಗುಮುರುಗಾದರೆ ಬೆಳಕೇ ಇಲ್ಲ. ನೀವೇ ಲೆಕ್ಕ ಹಾಕಿ. ಅಷ್ಟೇ ಅಲ್ಲ, ತಿರುಗಿ ಕೂತ ಶೆಲ್ಲು ಬೇಗ ಕೆಟ್ಟು ಸೋರುತ್ತದೆ.

ಈಗ ಅಕ್ಕನ ಪ್ರಶ್ನೆಗೆ ಬರೋಣ. ಹೊಸ ಶೆಲ್ಲಿದ್ದೂ ಏಕೆ ಆರಿತು? ಒಂದು ಗಾಡಿಗೆ ಒಂದು ಕಡೆ ಒಳ್ಳೇ ಎತ್ತು, ಇನ್ನೊಂದು ಕಡೆ ಬಡಕಲು ಎತ್ತು ಕಟ್ಟಿದರೆ ಏನಾಗುತ್ತದೆ? ಮೊದಲು ನಾಲ್ಕು ಹೆಜ್ಜೆ ಗಾಡಿ ಹೋಗುತ್ತದೆ. ಆಮೇಲೆ ಬಡಕಲು ಎತ್ತು ಕುಸಿಯುತ್ತದೆ. ಒಳ್ಳೇ ಎತ್ತೂ ನಿಲ್ಲಬೇಕಾಗುತ್ತದೆ. ಶೆಲ್ಲೂ ಹಾಗೆಯೇ. ಮನೆಯಲ್ಲಿ ಗುಂಡಿ ಒತ್ತಿದಾಗ ಹೊಸ ಶೆಲ್ಲಿನ ಬಲದಿಂದ ಬೆಳಕು ಬಂತು. ಐದು ನಿಮಿಷ ಉರಿದಾಗ ಹಳೆಯವು ಸೋತವು. ಸೋತ ಶೆಲ್ಲಿನ ಒಳಗೆ ಕರೆಂಟು ಹಾದು ಹೋಗುವುದೂ ಕಷ್ಟ.

ಆದ್ದರಿಂದ ಬದಲಿಸಿದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು. ಒಂದೇ ಜಾತಿಯದು, ಒಂದೇ ದಿನ ತಂದದ್ದು. ದುಡ್ಡು ಸಾಲದಿದ್ದರೆ ಎರಡು ಶೆಲ್ಲಿನ ಸಣ್ಣ ಬ್ಯಾಟರಿ ಇಟ್ಟುಕೊಳ್ಳುವುದು ವಾಸಿ. ಅರೆಹೊಟ್ಟೆಯ ದೊಡ್ಡ ಬ್ಯಾಟರಿಯನ್ನು ನಂಬಬೇಡಿ.

ಹಾಕುವುದು ಹೇಗೆ?

ಅಕ್ಕನ ಕೈಯಿಂದಲೇ ಮಾಡಿಸಿದೆವು. ಮೊದಲು ಹಳೆಯ ಮೂರನ್ನೂ ಹೊರಗೆ ತೆಗೆದರು. ಒಣ ಬಟ್ಟೆಯಿಂದ ಬ್ಯಾಟರಿಯ ಒಳಗೆ ಒರೆಸಿದರು. ಸ್ಪ್ರಿಂಗಿನ ಮೇಲೆ ತುಕ್ಕು ಇತ್ತು. ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿದರು. ಲೋಹ ಹೊಳೆಯುವವರೆಗೆ ಉಜ್ಜಬೇಕು. ತುಕ್ಕು ಇದ್ದರೆ ಕರೆಂಟು ದಾಟುವುದಿಲ್ಲ. ಹೊಸ ಶೆಲ್ಲು ಹಾಕಿದರೂ ದೀಪ ಮಿಣಿಮಿಣಿ ಎನ್ನುತ್ತದೆ. ಆಗ ನಾವು ಶೆಲ್ಲನ್ನು ಬೈಯುತ್ತೇವೆ. ಪಾಪ, ಅದರ ತಪ್ಪಿಲ್ಲ. ಸೋರಿದ ನೀರು ಮುಟ್ಟಿದ ಕೈಯನ್ನು ಕಣ್ಣಿಗೆ ಹಚ್ಚಬಾರದು. ಸೋಪು ಹಾಕಿ ತೊಳೆಯಬೇಕು.

ಆಮೇಲೆ ಹೊಸ ಶೆಲ್ಲುಗಳನ್ನು ಒಂದೊಂದಾಗಿ ಇಳಿಸಿದರು. ಟೋಪಿ ಇರುವ + ತುದಿ ಬಲ್ಬಿನ ಕಡೆಗೆ. ಚಪ್ಪಟೆ ತುದಿ ಮುಚ್ಚಳದ ಕಡೆಗೆ. ಮುಚ್ಚಳ ಬಿಗಿ ಮಾಡಿದರು. ಗುಂಡಿ ಒತ್ತಿದರು. ಗೋಡೆಯ ಮೇಲೆ ಬೆಳ್ಳನೆ ಚಂದ್ರ ಬಿತ್ತು.

ಎಲ್ಲ ಬ್ಯಾಟರಿಯೂ ಉದ್ದದ ಕೊಳವೆಯಲ್ಲ. ಪ್ಲಾಸ್ಟಿಕ್ಕಿನವುಗಳಲ್ಲಿ ಶೆಲ್ಲುಗಳು ಅಕ್ಕಪಕ್ಕ ಮಲಗುತ್ತವೆ. ಒಂದರ ತಲೆ ಈ ಕಡೆ, ಇನ್ನೊಂದರ ತಲೆ ಆ ಕಡೆ. ಒಳಗೆ + ಮತ್ತು – ಗುರುತು ಕೊರೆದಿರುತ್ತಾರೆ. ಗುರುತು ಅಳಿಸಿದ್ದರೆ ಸ್ಪ್ರಿಂಗು ನೋಡಿ. ಸಾಮಾನ್ಯವಾಗಿ ಸ್ಪ್ರಿಂಗಿಗೆ ಚಪ್ಪಟೆ ತುದಿ ಒರಗಬೇಕು. ಟಿ.ವಿ. ರಿಮೋಟಿಗೂ ಇದೇ ಲೆಕ್ಕ.

ಹಳೇ ಬಲ್ಬು ಹೋದರೆ ಅದಕ್ಕೂ ಅಂಕಿ ಓದಬೇಕು. ಮೂರು ಶೆಲ್ಲಿಗೆ 3.8 ಎಂದು ಬರೆದ ಬಲ್ಬು, ಎರಡು ಶೆಲ್ಲಿಗೆ 2.5. ಎರಡರ ಬಲ್ಬನ್ನು ಮೂರಕ್ಕೆ ಹಾಕಿದರೆ ಬೇಗ ಸುಟ್ಟುಹೋಗುತ್ತದೆ.

ಅಂಗಡಿಯಲ್ಲಿ

ಶೆಲ್ಲು ಅಂಗಡಿಯಲ್ಲಿ ಸುಮ್ಮನೆ ಕೂತಿದ್ದರೂ ನಿಧಾನವಾಗಿ ಸೊರಗುತ್ತದೆ. ಅದಕ್ಕೇ ಅದರ ಮೇಲೆ ಅಥವಾ ಅದರ ಪೊಟ್ಟಣದ ಮೇಲೆ ತಿಂಗಳು, ವರ್ಷ ಅಚ್ಚು ಹಾಕಿರುತ್ತಾರೆ. ತಯಾರಾದದ್ದು ಯಾವಾಗ, ಯಾವ ತಿಂಗಳ ಒಳಗೆ ಬಳಸಿದರೆ ಒಳ್ಳೆಯದು ಎಂದು. 08-2027 ಎಂದಿದ್ದರೆ 2027ನೇ ಇಸವಿಯ ಎಂಟನೇ ತಿಂಗಳು. ಎಂಟನೇ ತಿಂಗಳು ಯಾವುದು? ಬೆರಳು ಮಡಿಸಿ ಎಣಿಸಿ. ಆಗಸ್ಟ್.

ಅಕ್ಕ ಮಾರನೇ ವಾರ ಶೆಟ್ಟರ ಅಂಗಡಿಗೆ ಹೋದರು. ಶೆಟ್ಟರು ಮೂರು ಶೆಲ್ಲು ಕೊಟ್ಟರು. ಅಕ್ಕ ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು.

“ಶೆಟ್ರೇ, ಇವು ಬ್ಯಾಡ. ಇವುಗಳ ತಾರೀಖು ಮುಗಿದೈತೆ.”

“ಯಾರವ್ವಾ ಹೇಳಿದ್ದು?”

“ಯಾರೂ ಹೇಳ್ಲಿಲ್ಲ. ಇದರ ಮೈಮೇಲೇ ಬರೆದೈತಲ್ಲ. ನೀವೇ ನೋಡಿ.”

ಶೆಟ್ಟರು ಕನ್ನಡಕ ಹುಡುಕಿದರು. ನೋಡಿದರು. ಒಳಗಿನಿಂದ ಬೇರೆ ಪೆಟ್ಟಿಗೆ ತಂದರು. “ನಾನೂ ನೋಡಿರಲಿಲ್ಲ ಕಣವ್ವಾ” ಎಂದರು. ನಿಜವೇ ಇರಬಹುದು.

ಸೊರಗಿದ್ದು ಗೊತ್ತಾಗುವುದು ಹೇಗೆ?

ಹೊರದೇಶಗಳಲ್ಲಿ ಬಹಳ ಮನೆಗಳ ಸೂರಿಗೆ ಒಂದು ಪುಟ್ಟ ಡಬ್ಬಿ ಹಾಕಿರುತ್ತಾರೆ. ಮನೆಯಲ್ಲಿ ಬೆಂಕಿ ಬಿದ್ದು ಹೊಗೆ ಎದ್ದರೆ ಅದು ಜೋರಾಗಿ ಕಿರುಚಿ ಮಲಗಿದವರನ್ನು ಎಬ್ಬಿಸುತ್ತದೆ. ಅದರಲ್ಲೂ ಶೆಲ್ಲಿದೆ. ಶೆಲ್ಲು ಸೊರಗಿದರೆ ಆ ಡಬ್ಬಿ ಆಗಾಗ ಚಿಂವ್ ಚಿಂವ್ ಎನ್ನುತ್ತದೆ. ‘ನನ್ನ ಶೆಲ್ಲು ಬದಲಿಸಿ’ ಎಂದು ಹೇಳುವ ಹಾಗೆ. ನಮ್ಮ ಬ್ಯಾಟರಿಗೆ ಅಂಥ ಬಾಯಿಲ್ಲ. ಹಳೇ ಬಲ್ಬಾದರೆ ಹಳದಿ, ಕೆಂಪು ಆಗಿ ಸುಳಿವು ಕೊಡುತ್ತದೆ. ಈಗಿನ ಎಲ್.ಇ.ಡಿ. ದೀಪದಲ್ಲಿ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ. ಬೆಳಕು ಕುಗ್ಗುತ್ತಾ ಹೋಗುತ್ತದೆ, ನಮ್ಮ ಕಣ್ಣು ಅದಕ್ಕೆ ಒಗ್ಗಿಬಿಡುತ್ತದೆ.

ಹೊರಡುವ ಮುಂಚೆ ಒಂದು ಸಲ ಗುಂಡಿ ಒತ್ತಿ ನೋಡಿದರೆ ಸಾಲದು. ಸಂಜೆಯೇ ಐದು ನಿಮಿಷ ಉರಿಸಿ ನೋಡಿ. ಆಗಲೂ ಬೆಳಕು ಕುಗ್ಗದಿದ್ದರೆ ನಂಬಬಹುದು. ಅಂಗೈಗೆ ಬಡಿದರೆ ಹತ್ತುವ ಬ್ಯಾಟರಿಯನ್ನು ಹೊಲಕ್ಕೆ ಒಯ್ಯಬೇಡಿ.

ಹಳೇ ಶೆಲ್ಲನ್ನು ಬಿಸಿಲಿಗೆ ಇಟ್ಟರೆ ಮತ್ತೆ ಉರಿಯುತ್ತದೆ ಎಂದು ನಮ್ಮ ಹಿರಿಯರು ಇಡುತ್ತಿದ್ದರು. ಸುಳ್ಳಲ್ಲ. ಸುಮ್ಮನಿದ್ದು, ಬಿಸಿಯಾದಾಗ ಶೆಲ್ಲಿಗೆ ಸ್ವಲ್ಪ ಜೀವ ಬರುತ್ತದೆ. ಕೆಲವೇ ನಿಮಿಷದ ಜೀವ. ಸವೆದ ಸತು ಮತ್ತೆ ಬೆಳೆಯುವುದಿಲ್ಲ. ಬಿಸಿಲಿಗೆ ಶೆಲ್ಲು ಬೇಗ ಸೋರುತ್ತದೆ. ಆ ಹುಡುಗನೂ ಹಿಂದಿನ ದಿನ ಶೆಲ್ಲುಗಳನ್ನು ಜಗಲಿಯ ಬಿಸಿಲಿಗೆ ಇಟ್ಟಿದ್ದನಂತೆ.

ಬಹಳ ದಿನ ಬಳಸದ ಬ್ಯಾಟರಿಯಿಂದ ಶೆಲ್ಲು ತೆಗೆದಿಡಿ. ಒಲೆಗೆ ಎಸೆಯಬೇಡಿ, ಸಿಡಿಯುತ್ತದೆ. ಬಾವಿಗೆ, ಕೆರೆಗೆ, ತಿಪ್ಪೆಗೆ ಎಸೆಯುವುದೂ ತಪ್ಪು. ತಿಪ್ಪೆಗೆ ಹೋದದ್ದು ಹೊಲಕ್ಕೆ ಬರುತ್ತದೆ. ಕೆಲವು ಶೆಲ್ಲಿನ ಮೇಲೆ ಗಾಲಿಯ ಕಸದ ತೊಟ್ಟಿಯ ಚಿತ್ರ ಇರುತ್ತದೆ. ಅದರ ಮೇಲೆ ಗೀಟು ಹೊಡೆದಿರುತ್ತಾರೆ. ಕಸಕ್ಕೆ ಹಾಕಬೇಡಿ ಎಂದು ಅರ್ಥ. ಹಳೇ ಶೆಲ್ಲು ವಾಪಸು ಪಡೆಯುವ ಹೊಣೆ ತಯಾರಿಸುವವರದು ಎಂದು 2022ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ನಮ್ಮ ಹಳ್ಳಿ ಅಂಗಡಿಯವರೆಗೆ ಅದು ಬರಬೇಕಷ್ಟೆ. ಅಲ್ಲಿಯವರೆಗೆ ಒಂದು ಡಬ್ಬಿಯಲ್ಲಿ ಕೂಡಿಡಿ. ಪಂಚಾಯಿತಿಯ ಕಸದ ಗಾಡಿಗೆ ಬೇರೆಯಾಗಿ ಕೊಡಿ.

ಮಕ್ಕಳಿರುವ ಮನೆಯವರು ಇದನ್ನು ಎರಡು ಸಲ ಓದಿ. ಆಟಿಕೆಗಳಲ್ಲಿ ಗುಂಡಿಯಂಥ, ನಾಣ್ಯದಂಥ ಹೊಳೆಯುವ ಶೆಲ್ಲು ಇರುತ್ತದೆ. ಮಗು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ವಾಂತಿ ಮಾಡಿಸಬೇಡಿ. ‘ನಾಳೆ ಹೊರಗೆ ಬರುತ್ತದೆ’ ಎಂದು ಕಾಯಬೇಡಿ. ಆಗಲೇ ಆಸ್ಪತ್ರೆಗೆ ಓಡಿ.

ಹಾವು ಕಚ್ಚಿದರೆ

ಬೆಳಕಿದ್ದರೂ ಒಮ್ಮೊಮ್ಮೆ ಹೀಗಾಗುತ್ತದೆ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರು ಎಂದು ಲೆಕ್ಕ ಹಾಕಿದ್ದಾರೆ. ವರ್ಷಕ್ಕೆ 58,000. ಹೆಚ್ಚಿನವರು ನಮ್ಮಂತೆ ಹಳ್ಳಿಯವರು. ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಬೇಕು ಎಂದು 2024ರಲ್ಲಿ ಕರ್ನಾಟಕ ಸರ್ಕಾರ ಆದೇಶ ಮಾಡಿತು.

ಆ ರಾತ್ರಿ ಮನೆಯ ಹಿರಿಯರೊಬ್ಬರು ಹಗ್ಗ ತಂದರು. “ತೊಡೆಗೆ ಬಿಗೀರಿ” ಎಂದರು. ಅಕ್ಕ ಬಿಡಲಿಲ್ಲ. “ಮಾವಾ, ಕಟ್ಟಬಾರದಂತೆ. ಆಸ್ಪತ್ರೆ ಗೋಡೆ ಮೇಲೆ ಓದಿದ್ದೀನಿ” ಎಂದರು. ಅವರು ಓದಿದ್ದು ಸರಿ. ಬಿಗಿಯಾಗಿ ಕಟ್ಟಿದರೆ ರಕ್ತ ಓಡದೆ ಕಾಲೇ ಹೋಗಬಹುದು. ಕೊಯ್ಯಬಾರದು. ಬಾಯಿಂದ ಹೀರಬಾರದು. ಕಚ್ಚಿಸಿಕೊಂಡವರನ್ನು ನಡೆಸಬಾರದು, ಮಲಗಿಸಿ ಧೈರ್ಯ ಹೇಳಬೇಕು. ಬಳೆ, ಉಂಗುರ, ಕಾಲುಂಗುರ ಬಾವು ಬರುವ ಮುಂಚೆ ತೆಗೆಯಬೇಕು. 108ಕ್ಕೆ ಫೋನು ಮಾಡಬೇಕು. ಕಟ್ಟುಹಾವು ಕಚ್ಚಿದರೆ ನೋವು, ಬಾವು ಹೆಚ್ಚು ಇರುವುದಿಲ್ಲ. ಆದರೂ ಆಸ್ಪತ್ರೆಗೆ ಹೋಗಲೇಬೇಕು. ಅದರ ವಿಷ ಉಸಿರನ್ನೇ ನಿಲ್ಲಿಸುತ್ತದೆ.

ಈಗ ಅಕ್ಕನ ಮನೆಯ ಬ್ಯಾಟರಿಗೆ ಒಂದು ಕಾಗದದ ಚೀಟಿ ಅಂಟಿದೆ. ಮೇಲೆ ಅವರ ಕೈಬರಹ: ‘ಶೆಲ್ಲು ಹಾಕಿದ ದಿನ’. ಕೆಳಗೆ ತಾರೀಖು. ‘ಶೆಲ್ಲು’ ಬರೆಯುವಾಗ ಲ ಒತ್ತು ಮರೆತಿದ್ದರು. ಆಮೇಲೆ ತಾವೇ ಕಂಡು ಸೇರಿಸಿದ್ದಾರೆ.

ಅಭ್ಯಾಸ

1. ನಿಮ್ಮ ಮನೆಯ ಬ್ಯಾಟರಿ ಬಿಚ್ಚಿ. ಎಷ್ಟು ಶೆಲ್ಲು ಇವೆ? ಎಲ್ಲವೂ ಒಂದೇ ಜಾತಿಯವೇ?

2. ಶೆಲ್ಲಿನ ಮೇಲೆ + ಗುರುತು ಎಲ್ಲಿದೆ? ಬೆರಳಿಟ್ಟು ತೋರಿಸಿ.

3. ನಾಲ್ಕು ಶೆಲ್ಲು ಸಾಲಾಗಿ ಹಾಕಿದರೆ ಎಷ್ಟು ವೋಲ್ಟು? ಅದರಲ್ಲಿ ಒಂದು ತಲೆಕೆಳಗಾದರೆ ಎಷ್ಟು?

4. ಶೆಲ್ಲಿನ ಮೇಲೆ 11-2026 ಎಂದಿದೆ. ಅದು ಯಾವ ತಿಂಗಳು? ಆ ತಿಂಗಳ ಹೆಸರನ್ನು ಬರೆಯಿರಿ.

5. ಒಂದು ಚೀಟಿಯ ಮೇಲೆ ಇವತ್ತಿನ ತಾರೀಖು ಬರೆದು ನಿಮ್ಮ ಬ್ಯಾಟರಿಗೆ ಅಂಟಿಸಿ.